ಟಕ್ ಟಕ್

ಇವತ್ತು ಬೆಳಗ್ಗೆ ಬಂದ ಕೋಪ ಇನ್ನೂ ಇಳಿದಿಲ್ಲ.

ಬೆಂಗಳೂರಿನ ಹನುಮಂತನಗರದ 10 ಅಡಿ ಮಳಿಗೆಯಲ್ಲಿ, ಸಮುದ್ರದ ಅಲೆ ಮೇಲೆ ನಿಂತು ಸಾಗೋಕೆ ಬೇಕಾದ 9 ಅಡಿ ಉದ್ದದ ಮರದ ಸರ್ಫ್‌ಬೋರ್ಡ್ ಮಾಡುತ್ತಿದ್ದೇನೆ. ಸಮುದ್ರ ಇರುವುದು 350 ಕಿಲೋಮೀಟರ್ ಆಚೆ. ನೋಡಿದವರೆಲ್ಲ ಇಸ್ತ್ರಿ ಟೇಬಲ್ಲಾ ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ, ಸುಮ್ನೆ ಯಾಕೆ? ಹಗುರವಾದ ಪಾಲೋನಿಯಾ ಮರ ಕೇಳಿಕೊಂಡು ಮೈಸೂರು ರಸ್ತೆಗೆ ಹೋದರೆ, "ತೇಗ ತಗೊಳ್ಳಿ ಸಾರ್, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಅಂದರು. ಬರುತ್ತೆ ನಿಜ. ಹೊರೋಕೂ ಮೊಮ್ಮಕ್ಕಳೇ ಬೇಕು.

ಇದೆಲ್ಲ ಸಹಿಸಬಹುದು. ಓನರ್ ಅಂಕಲ್‌ದು ಬೇರೆ.

ಈ ಬೋರ್ಡ್ ಒಳಗೆ ಟೊಳ್ಳು. ಮೀನಿನ ಮುಳ್ಳಿನ ಹಾಗೆ ಪ್ಲೈವುಡ್ ಬೆನ್ನೆಲುಬು, ಪಕ್ಕೆಲುಬು, ಮೇಲೆ ತೆಳ್ಳನೆಯ ಪಟ್ಟಿಗಳು. ಟಾಮ್ ಬ್ಲೇಕ್ ಅನ್ನುವ ಅಮೆರಿಕದವನು 1932ರಲ್ಲೇ ಟೊಳ್ಳು ಬೋರ್ಡಿಗೆ ಪೇಟೆಂಟ್ ಪಡೆದಿದ್ದ ಅಂತಲೂ ಅಂಕಲ್‌ಗೆ ಹೇಳಿ ನೋಡಿದೆ. ಊಹೂಂ. ಹಾಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕಲ್ಲಂಗಡಿ ಹಣ್ಣು ಪರೀಕ್ಷೆ ಮಾಡುವ ಹಾಗೆ ಬೆರಳ ಗೆಣ್ಣಿನಿಂದ ಟಕ್ ಟಕ್. ಕಿವಿಯಿಟ್ಟು ಕೇಳುತ್ತಾರೆ. "ಟೊಳ್ಳು ಕಣಪ್ಪಾ. ಯಾರೋ ಮೋಸ ಮಾಡಿದ್ದಾರೆ ನಿಂಗೆ."

ಮಾಡಿದವನು ನಾನೇ, ಅಂಕಲ್.

ನಿನ್ನೆ ರಾತ್ರಿ ಫೈಬರ್ ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಅನ್ನುವ ಅಂಟು ಎಳೆದೆ. ಚಳಿಗೆ ಅದು ಗಟ್ಟಿಯಾಗುವುದು ನಿಧಾನ. "ಹಸಿ ಇದೆ, ಮುಟ್ಟಬೇಡಿ" ಅಂತ ರಟ್ಟಿನ ಮೇಲೆ ಬರೆದಿಟ್ಟೆ. ಬೆಳಗ್ಗೆ ಗಾಳಿಯಾಡಲಿ ಅಂತ ಶಟರ್ ಅರ್ಧ ಎತ್ತಿದ್ದೇ ತಪ್ಪಾಯಿತು. ಅಂಕಲ್ ಬಗ್ಗಿ ಒಳಗೆ ಬಂದರು. ಕನ್ನಡಕ ಏರಿಸಿಕೊಂಡರು. ರಟ್ಟನ್ನು ಗಟ್ಟಿಯಾಗಿ ಓದಿದರು. "ಅಕ್ಷರ ಚೆನ್ನಾಗಿದೆ" ಅಂದರು. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ, ಟಕ್. ಎರಡನೇ ಟಕ್ ಬರಲಿಲ್ಲ. ಕೈ ಅಂಟಿಕೊಂಡಿತ್ತು.

ಕಿತ್ತುಕೊಂಡರು. ಮೂಸಿದರು. ಗೋಡೆಗೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಸಿ ಇದೆಯಲ್ಲಪ್ಪಾ, ಹೇಳಬಾರದಿತ್ತಾ?"

ಬೋರ್ಡಿನ ಮೇಲೆ ನಾಲ್ಕು ಗುಳಿ. ಪೂರ್ತಿ ಗಟ್ಟಿಯಾದ ಮೇಲೆ ಉಪ್ಪುಕಾಗದ ಹಿಡಿದು ಉಜ್ಜಬೇಕು, ಮತ್ತೆ ಎಳೆಯಬೇಕು, ಮತ್ತೆ ಕಾಯಬೇಕು. ಬಾಯಿಗೆ ಬಂದದ್ದು ಅಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರೇ, "ಇದರ ಮೇಲೆ ನಿಂತ್ಕೊಂಡು ನಿಜವಾಗ್ಲೂ ಹೋಗಬಹುದಾ?" ಅಂದರು.

"ಮಂಗಳೂರು ಹತ್ತಿರ ಮುಲ್ಕಿಯಲ್ಲಿ ಹುಡುಗರು ಹೋಗ್ತಾರಲ್ಲ ಅಂಕಲ್."

"ನಾನು ಸಮುದ್ರ ನೋಡಿ ನಲವತ್ತು ವರ್ಷ ಆಯ್ತು. ನಮ್ಮನೆಯವಳನ್ನ ಇನ್ನೊಂದ್ಸಲ ಕರ್ಕೊಂಡು ಹೋಗ್ಬೇಕು ಅಂತಿದ್ದೆ." ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತಿದರು.

ಈಗ ಶಟರ್ ಪೂರ್ತಿ ಇಳಿಸಿಕೊಂಡು ಒಳಗೆ ಕೂತು ಬರೆಯುತ್ತಿದ್ದೇನೆ. ಎಪಾಕ್ಸಿ ವಾಸನೆಗೆ ತಲೆ ಸುತ್ತುತ್ತಿದೆ. ಹೊರಗಡೆ ಶಟರ್ ಮೇಲೆ ಟಕ್ ಟಕ್.

"ಒಣಗಿತೇನಪ್ಪಾ?"