ಒಳ್ಳೆಯ ಮನೆಗೆ ಮಾತ್ರ

‘ಆರು ತಿಂಗಳ ಹುಂಜ. ರಾಜಗಾಂಭೀರ್ಯ. ಮಕ್ಕಳೆಂದರೆ ಪ್ರಾಣ. ಸ್ವಲ್ಪ ಚುರುಕು. ಅನಿವಾರ್ಯ ಕಾರಣಗಳಿಂದ ಕೊಡುತ್ತಿದ್ದೇವೆ. ಉಚಿತ. ಒಳ್ಳೆಯ ಮನೆಗೆ ಮಾತ್ರ.’

ಹಿತ್ತಲಲ್ಲಿ ಕೋಳಿ ಸಾಕುವ ಹವ್ಯಾಸಿಗಳು ನಾಲ್ಕು ಜನ ಸೇರಿ ಸಂಘ ಕಟ್ಟಿಕೊಂಡರೆ ಅಲ್ಲಿ ಮೊದಲು ಹುಟ್ಟುವ ಸಾಹಿತ್ಯ ಇದು. ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಸ್ವಲ್ಪ ಚುರುಕು ಅಂದರೆ ಮನೆಯ ಯಜಮಾನರು ಹಿತ್ತಲಿಗೆ ಹೋಗುವಾಗ ಪೊರಕೆ ಹಿಡಿದೇ ಹೋಗುತ್ತಾರೆ. ಅನಿವಾರ್ಯ ಕಾರಣ ಅಂದರೆ ಪಕ್ಕದ ಮನೆಯವರು ದೂರನ್ನು ಈ ಸಲ ಬಾಯಲ್ಲಿ ಹೇಳದೆ ಬರೆದು ಕೊಟ್ಟಿದ್ದಾರೆ. ಮಕ್ಕಳೆಂದರೆ ಪ್ರಾಣ ಅನ್ನುವುದನ್ನು ಮಕ್ಕಳ ಮೊಣಕಾಲು ನೋಡಿ ತಿಳಿದುಕೊಳ್ಳಬೇಕು.

ಇಷ್ಟೆಲ್ಲ ಅರ್ಥವಾದರೂ ಕೊನೆಯ ಮೂರು ಪದ ಮಾತ್ರ ಯಾರಿಗೂ ಬಿಡಿಸಲು ಬಂದಿಲ್ಲ. ಈ ಒಳ್ಳೆಯ ಮನೆ ಎಲ್ಲಿದೆ? ವರ್ಷವರ್ಷ ಅಷ್ಟೊಂದು ಹುಂಜಗಳು ಅಲ್ಲಿಗೆ ಹೋಗುತ್ತವೆ, ಒಂದೂ ವಾಪಸು ಬಂದದ್ದಿಲ್ಲ. ಅಲ್ಲಿಂದ ಒಂದು ಫೋಟೋ ಬಂದದ್ದೂ ಇಲ್ಲ. ಗೂಡಿನ ಬಾಗಿಲು, ಮೊದಲ ಮೊಟ್ಟೆ, ಮೊದಲ ಮೊಟ್ಟೆಯ ಪಕ್ಕ ಎರಡನೆಯ ಮೊಟ್ಟೆ, ಹೀಗೆ ಕಂಡದ್ದನ್ನೆಲ್ಲ ಫೋಟೋ ಹಿಡಿದು ಹಂಚುವ ಜನ, ಅಷ್ಟು ಪ್ರೀತಿಯ ಹುಂಜದ ಹೊಸ ಮನೆಯ ವಿಚಾರ ಬಂದರೆ ಕ್ಯಾಮೆರಾ ಮರೆತೇಬಿಡುತ್ತಾರೆ.

ಲೆಕ್ಕ ಹಾಕಿ ನೋಡಿ. ಸಂಘದಲ್ಲಿ ಇಪ್ಪತ್ತು ಸದಸ್ಯರು ಅನ್ನಿ. ತಲಾ ಒಂದು ಡಜನ್ ಮೊಟ್ಟೆ ಕಾವಿಗಿಟ್ಟರು. 21 ದಿನಕ್ಕೆ, ಎರಡೆರಡು ಕೆಟ್ಟವು ಅಂದುಕೊಂಡರೂ, ಹತ್ತತ್ತು ಮರಿ. ಒಟ್ಟು 200. ಪ್ರಕೃತಿ ಮೀಸಲಾತಿಯಲ್ಲಿ ಬಲು ಕಟ್ಟುನಿಟ್ಟು, ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಲ್ಲಿಗೆ ನೂರು ಹುಂಜ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಯಾದರೂ ಇರಬೇಕು, ಇಲ್ಲದಿದ್ದರೆ ಹೇಂಟೆಗಳ ಬೆನ್ನಮೇಲೆ ಗರಿ ಉಳಿಯುವುದಿಲ್ಲ ಎಂಬುದು ಸಾಕಿದವರಿಗೆಲ್ಲ ಗೊತ್ತು. ಅಂದರೆ ಈ ಒಂದು ಸಂಘದ ಒಂದು ಸಲದ ಮರಿಗಳಿಗೇ ಒಳ್ಳೆಯ ಮನೆಯಲ್ಲಿ ಗಂಡಿಲ್ಲದ ಸಾವಿರ ಹೇಂಟೆಗಳು ದಾರಿ ಕಾಯುತ್ತಿರಬೇಕು. ಆ ಸಾವಿರ ಹೇಂಟೆ ಹುಟ್ಟುವಾಗ ಅವುಗಳ ಜೊತೆಗೆ ಇನ್ನೊಂದು ಸಾವಿರ ಹುಂಜವೂ ಹುಟ್ಟಿರಬೇಕಲ್ಲ, ಅವೆಲ್ಲಿ ಹೋದವು ಎಂದು ಕೇಳಬೇಡಿ. ಅವು ಇನ್ನೂ ಒಳ್ಳೆಯ ಮನೆಗೆ ಹೋಗಿವೆ.

ಈ ಪುರಾಣಕ್ಕೆ ಕಾನೂನಿನ ಬೆಂಬಲವೂ ಇದೆ. ಜಗತ್ತಿನ ಹಲವು ನಗರಗಳ ನಿಯಮ ಇಷ್ಟೇ: ಹೇಂಟೆ ಇಂತಿಷ್ಟು ಸಾಕಬಹುದು, ಹುಂಜ ಕೂಡದು. ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಅದು ನಿಜ. ಆದರೆ ಹೇಂಟೆ ಹುಟ್ಟಲು ಬೇಕು. ಇದನ್ನು ನಿಯಮ ಬರೆದವರು ನಗರದ ಗಡಿಯ ಆಚೆಗೆ ಬಿಟ್ಟಿದ್ದಾರೆ. ಕಾರಣ ಗದ್ದಲ. ಅದೂ ಸುಳ್ಳಲ್ಲ ಅನ್ನಿ. ಬೆಲ್ಜಿಯಂನ ಸಂಶೋಧಕರು ಹುಂಜದ ಕಿವಿಯ ಬುಡದಲ್ಲೇ ಮೈಕ್ರೋಫೋನ್ ಕಟ್ಟಿ ಅಳೆದರು. ಕೂಗು 130 ಡೆಸಿಬಲ್ ದಾಟಿತು. ಇಷ್ಟು ಕೂಗಿಯೂ ಹುಂಜ ಯಾಕೆ ಕಿವುಡಾಗುವುದಿಲ್ಲ ಎಂದು ನೋಡಿದರೆ, ಬಾಯಿ ಪೂರ್ತಿ ತೆರೆದಾಗ ಅದರ ಕಿವಿಯ ನಾಳ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ತನ್ನ ಭಾಷಣ ತನಗೆ ಕೇಳದ ಈ ಸೌಲಭ್ಯ ಬಹುತೇಕ ಸಂಘಗಳ ಅಧ್ಯಕ್ಷರಿಗೂ ಇದೆ.

ಫ್ರಾನ್ಸಿನ ಓಲೆರಾನ್ ದ್ವೀಪದ ಮೋರಿಸ್ ಎಂಬ ಹುಂಜ ಕೋರ್ಟಿನ ಮೆಟ್ಟಿಲು ಹತ್ತಿ ಗೆದ್ದದ್ದನ್ನು ಹವ್ಯಾಸಿಗಳು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ರಜೆಗೆ ಬಂದು ಇರುತ್ತಿದ್ದ ನೆರೆಯವರು ಬೆಳಗಿನ ಕೂಗು ಸಹಿಸಲಾಗದೆ ದಾವೆ ಹೂಡಿದ್ದರು. 2019ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಹುಂಜ ಕೂಗಬಹುದು, ದೂರಿದವರೇ ಸಾವಿರ ಯೂರೋ ಪರಿಹಾರ ಕೊಡಬೇಕು. 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನೂ ಪರಂಪರೆಯೆಂದು ಕಾಪಾಡುವ ಕಾನೂನೇ ಬಂತು. ಅಷ್ಟು ಹೊತ್ತಿಗೆ ಮೋರಿಸ್ ಕಾಯಿಲೆ ಬಿದ್ದು ಸತ್ತು ತಿಂಗಳುಗಳಾಗಿತ್ತು. ಸರ್ಕಾರಿ ಸವಲತ್ತು ಫಲಾನುಭವಿಯ ಕೈ ಸೇರುವ ವೇಗ ಯಾವ ದೇಶದಲ್ಲೂ ಒಂದೇ ಅಂತ ಕಾಣುತ್ತದೆ. ನಮ್ಮ ಹವ್ಯಾಸಿಗಳು ಮೋರಿಸ್‌ಗೆ ಜೈ ಅಂದು, ಅದೇ ಉಸಿರಲ್ಲಿ ತಮ್ಮ ಹುಂಜಕ್ಕೆ ಒಳ್ಳೆಯ ಮನೆ ಹುಡುಕುತ್ತಾರೆ.

ಹುಂಜ ಬೇಡವಾದರೆ ಮರಿಯಲ್ಲೇ ಗುರುತಿಸಬಾರದೇ ಅಂದೀರಿ. ಆಹಾ, ಸಂಘದ ಪಾಂಡಿತ್ಯ ಹೊರಬರುವುದೇ ಅಲ್ಲಿ. ಚೂಪು ಮೊಟ್ಟೆಯಲ್ಲಿ ಗಂಡು ಅನ್ನುವವರದು ಒಂದು ಪಂಥ, ದುಂಡು ಮೊಟ್ಟೆಯಲ್ಲಿ ಗಂಡು ಅನ್ನುವವರದು ಇನ್ನೊಂದು. ಎರಡು ಪಂಥದವರೂ ಶೇಕಡಾ ಐವತ್ತು ಸಲ ಗೆದ್ದು ಆತ್ಮವಿಶ್ವಾಸ ಉಳಿಸಿಕೊಂಡಿದ್ದಾರೆ. ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ಹಿಡಿದು, ಸೂಜಿ ಸುತ್ತು ಹೊಡೆದರೆ ಹೆಣ್ಣು, ನೇರ ತೂಗಿದರೆ ಗಂಡು ಅನ್ನುವವರೂ ಇದ್ದಾರೆ; ಇವರು ವಿಜ್ಞಾನದ ಕಡೆಯವರು. ಜಪಾನಿನಲ್ಲಿ ಮರಿಯ ಗುದದ್ವಾರ ನೋಡಿ ಲಿಂಗ ಹೇಳುವ ವಿದ್ಯೆ 1930ರ ದಶಕದಲ್ಲೇ ಶಾಲೆಯಲ್ಲಿ ಕಲಿಸುವ ಕಸುಬಾಯಿತು. ಪಳಗಿದ ಕೈಗಳು ಗಂಟೆಗೆ ಸಾವಿರದ ಆಸುಪಾಸು ಮರಿಗಳನ್ನು ವಿಂಗಡಿಸುತ್ತವೆ. ನಮ್ಮ ಕಾರ್ಯದರ್ಶಿಗಳು ಒಂದೇ ಮರಿಯನ್ನು ಒಂದು ಗಂಟೆ ನೋಡಿ ‘ನಡೆ ನೋಡಿದರೆ ಹೇಂಟೆಯೇ ಸಾರ್’ ಅನ್ನುತ್ತಾರೆ.

ಗಂಡುಮರಿ ಜಾಸ್ತಿಯಾದರೆ ಬೈಗುಳವೆಲ್ಲ ಹುಂಜಕ್ಕೆ: ‘ಇವನ ತಳಿಯೇ ಹೀಗೆ.’ ಕೋಳಿಯಲ್ಲಿ ಮರಿಯ ಲಿಂಗ ತೀರ್ಮಾನವಾಗುವುದು ತಾಯಿಯಿಂದ. ಮನುಷ್ಯರಲ್ಲಿ ತಂದೆಯಿಂದ ತೀರ್ಮಾನವಾಗುತ್ತದೆ, ಬೈಗುಳ ತಾಯಿಗೆ ಹೋಗುತ್ತದೆ. ಎರಡೂ ಕಡೆ ತಪ್ಪು ವಿಳಾಸಕ್ಕೇ ತಲುಪಿಸುವ ಶಿಸ್ತು ಮೆಚ್ಚತಕ್ಕದ್ದೇ.

ಆಮೇಲೆ ಬರುವುದು ನಿರಾಕರಣೆಯ ಕಾಲ. ರಾಣಿ ಎಂದು ಹೆಸರಿಟ್ಟ ಮರಿಗೆ ಕೆಂಪು ಜುಟ್ಟು ದಪ್ಪಗಾಗುತ್ತದೆ. ‘ಆರೋಗ್ಯ ಚೆನ್ನಾಗಿದೆ.’ ಬಾಲದಲ್ಲಿ ಕುಡುಗೋಲು ಗರಿ ಬಾಗುತ್ತದೆ. ‘ಅಪರೂಪದ ತಳಿ.’ ಒಂದು ನಸುಕಿನಲ್ಲಿ ಹರಕು ಗಂಟಲಿನಿಂದ ಅರ್ಧ ಕೂಗು ಹೊರಡುತ್ತದೆ. ‘ಒಮ್ಮೊಮ್ಮೆ ಹೇಂಟೆಯೂ ಕೂಗುವುದುಂಟು, ಓದಿದ್ದೇನೆ.’ ಓದಿದ್ದು ನಿಜವೇ, ಅಂಡಾಶಯ ಕೆಟ್ಟ ಹೇಂಟೆ ಕೂಗಿದ ಉದಾಹರಣೆಗಳಿವೆ. ಆದರೆ ಒಂದೇ ಸಂಘದ ಐದು ಹಿತ್ತಲುಗಳಲ್ಲಿ ಒಂದೇ ವಾರ ಅಷ್ಟೊಂದು ಅಂಡಾಶಯ ಕೆಡುವುದು ವೈದ್ಯಶಾಸ್ತ್ರಕ್ಕೇ ಸವಾಲು. ಮರುವಾರ ರಾಣಿಯ ಹೆಸರಲ್ಲಿ ಜಾಹೀರಾತು ಬರುತ್ತದೆ.

ನನಗೆ ನಿಜವಾಗಿ ಕಚಗುಳಿ ಇಡುವುದು ಸಂಘದ ನೈತಿಕ ಎತ್ತರ. ಮೊಟ್ಟೆ ಉದ್ಯಮದಲ್ಲಿ ಹುಟ್ಟಿದ ದಿನವೇ ಕೊಲ್ಲುವ ಗಂಡುಮರಿಗಳು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಎಂಬ ಅಂದಾಜಿದೆ. ಜರ್ಮನಿ 2022ರ ಆರಂಭದಿಂದ ಅದನ್ನು ನಿಷೇಧಿಸಿತು. ಪ್ರತಿ ಸಭೆಯಲ್ಲೂ ಈ ಕ್ರೌರ್ಯದ ಬಗ್ಗೆ ಒಂದು ಉಪನ್ಯಾಸ ಖಚಿತ, ಕಣ್ಣೀರೂ ಖಚಿತ. ‘ನಾವು ಅವರಂತಲ್ಲ’ ಎಂದು ಚಪ್ಪಾಳೆ. ಉಪನ್ಯಾಸ ಕೊಟ್ಟವರು ಮರಿ ತರಿಸುವುದು ಎಲ್ಲಿಂದ? ‘ಹೆಣ್ಣುಮರಿ ಮಾತ್ರ, ಗ್ಯಾರಂಟಿ’ ಎಂದು ಬರೆದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೆ ಬಾರದ ಅರ್ಧದ ಗತಿಯೇನು ಎಂದು ಕೇಳಿದ ಹೊಸ ಸದಸ್ಯೆಗೆ ‘ಮೇಡಂ, ಸಭೆಗೆ ನಕಾರಾತ್ಮಕ ಯೋಚನೆ ತರಬೇಡಿ’ ಎಂದು ಹೇಳಿದ್ದಾರೆ.

ಇಂಥ ಪ್ರತಿ ಸಂಘದಲ್ಲೂ ಒಬ್ಬ ಹಿರಿಯ ಇರುತ್ತಾನೆ. ತನ್ನ ಹುಂಜಗಳನ್ನು ತಾನೇ ಕೊಯ್ದು ತಿನ್ನುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ ಮನುಷ್ಯ. ಅವನು ಸಭೆಗೆ ಬಂದರೆ ಪಕ್ಕದ ಕುರ್ಚಿ ಖಾಲಿ. ಪ್ರದರ್ಶನದಲ್ಲಿ ಅವನ ಹಕ್ಕಿಗೆ ಬಹುಮಾನವಿಲ್ಲ. ಕಟುಕನೆಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಕಾರ್ಯಕಾರಿ ಸಮಿತಿಗಂತೂ ಅವನ ನೆರಳೂ ತಾಕುವಂತಿಲ್ಲ. ಕತ್ತಲಾದ ಮೇಲೆ ಅವನ ಮನೆಯ ಹಿಂಬಾಗಿಲಲ್ಲಿ ಮಾತ್ರ ಬೇರೆ ಸಭೆ. ಒಬ್ಬೊಬ್ಬರಾಗಿ ಬರುತ್ತಾರೆ, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೆ ಗಾಳಿಯಾಡಲು ತೂತು. ‘ಅಣ್ಣಾ, ನಿಮ್ಮ ಹತ್ತಿರ ಜಾಗ ಬಹಳ ಇದೆ ನೋಡಿ. ಇವನು ಇಲ್ಲೇ ಓಡಾಡಿಕೊಂಡಿರಲಿ.’ ಅಣ್ಣನ ಹಿತ್ತಲು ನಾಲ್ಕು ಹೆಜ್ಜೆ ಇಟ್ಟರೆ ಗೋಡೆ. ಇಬ್ಬರಿಗೂ ಅದು ಗೊತ್ತು. ಪೆಟ್ಟಿಗೆ ಕೈ ಬದಲಾಗುತ್ತದೆ. ಹೊರಡುವಾಗ ಒಬ್ಬರು ತಿರುಗಿ ‘ಅವನಿಗೆ ಜೋಳ ಇಷ್ಟ’ ಅನ್ನುವುದೂ ಉಂಟು.

ಕೋಳಿ ಕೇಳಿ ಯಾರೂ ಖಾರ ಅರೆಯುವುದಿಲ್ಲ, ಹಳೆಯ ಮಾತು. ಇವರದು ಹೊಸ ಸುಧಾರಣೆ: ಖಾರ ಅರೆಯುವವನನ್ನೂ ಕೇಳುವುದಿಲ್ಲ. ಪಾಪ, ಆರು ತಿಂಗಳು ದಾಟಿ ಗಟ್ಟಿಮುಟ್ಟಾದ ಹುಂಜಗಳು, ಬೇಯುವುದಕ್ಕೇ ಅರ್ಧ ದಿನ. ಅಷ್ಟೂ ಜನರ ಆತ್ಮಸಾಕ್ಷಿಯನ್ನು ಒಬ್ಬನೇ ಎಷ್ಟಂತ ಅಗಿದಾನು? ಈ ವರ್ಷ ಅವನಿಗೆ ಸಾಕಾಗಿ, ಹಿಂಬಾಗಿಲಿಗೆ ಅಗುಳಿ ಹಾಕಿ ಕುಳಿತ.

ಮೂರೇ ವಾರದಲ್ಲಿ ಸಂಘ ತತ್ತರಿಸಿತು. ಜಾಹೀರಾತುಗಳ ರಾಶಿ. ಎಲ್ಲರೂ ಕೊಡುವವರೇ, ತೆಗೆದುಕೊಳ್ಳುವವರಿಲ್ಲ. ಗುಂಪಿನಲ್ಲಿ ಬಲಿಷ್ಠ ಹುಂಜ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಪ್ರಕಾರ ಸರದಿ ಹಿಡಿಯುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದ್ದರು. ತುರ್ತು ಸಭೆಯಲ್ಲಿಯೂ ಅದೇ ಕ್ರಮ. ಮೊದಲು ಅಧ್ಯಕ್ಷರು, ನಂತರ ಉಪಾಧ್ಯಕ್ಷರು, ಆಮೇಲೆ ಖಜಾಂಚಿ, ಹೇಳಿದ್ದೆಲ್ಲ ಒಂದೇ. ಹಿರಿಯರನ್ನು ಸಂಘ ಸರಿಯಾಗಿ ನಡೆಸಿಕೊಂಡಿಲ್ಲ, ಅವರನ್ನು ಗೌರವ ಸಲಹೆಗಾರರನ್ನಾಗಿ ಮಾಡೋಣ. ಏಕಾಏಕಿ ಇಷ್ಟು ಗೌರವ ಯಾಕೆ ಎಂಬುದು ನಡಾವಳಿಯಲ್ಲಿ ಬೇಡ.

ಕರೆಸಿದರು. ಶಾಲು ಹೊದಿಸಿದರು. ಹಿರಿಯ ಶಾಲನ್ನು ಮಡಿಚಿ ಮೇಜಿನ ಮೇಲಿಟ್ಟು, ‘ಬಾಗಿಲು ತೆಗೆಯುತ್ತೇನೆ. ಒಂದೇ ಷರತ್ತು. ಇನ್ನು ಮುಂದೆ ತಂದವರು ಕಾಲು ಹಿಡಿಯಬೇಕು’ ಅಂದ.

ಸಭೆ ಒಂದು ಕ್ಷಣ ಅವಾಕ್ಕಾಯಿತು. ಸ್ವಾಭಿಮಾನದ ಪ್ರಶ್ನೆ. ಆದರೆ ಮನೆಯಲ್ಲಿ ಕೂಗುತ್ತಿದ್ದವರ ನೆನಪಾಗಿ ಖಜಾಂಚಿ ಎದ್ದು, ‘ದೊಡ್ಡವರು, ತಪ್ಪೇನಿಲ್ಲ’ ಎಂದು ಬಗ್ಗಿಯೇಬಿಟ್ಟರು.

‘ನನ್ನದಲ್ಲ ಮಾರಾಯರೇ, ಹುಂಜದ್ದು. ನಾನು ಕೊಯ್ಯುವಾಗ ನೀವು ಕಾಲು ಗಟ್ಟಿಯಾಗಿ ಹಿಡಿದು ನಿಲ್ಲಬೇಕು. ಕಣ್ಣು ಮುಚ್ಚಿಕೊಳ್ಳಬಾರದು.’

ವಿಷಯ ಗಂಭೀರವಾದ್ದರಿಂದ ಐದು ಜನರ ಉಪಸಮಿತಿ ನೇಮಕವಾಯಿತು, ವರದಿಗೆ ಆರು ತಿಂಗಳ ಗಡುವು. ಅಷ್ಟರಲ್ಲಿ ಅಧ್ಯಕ್ಷರ ಫೋನು ಹೊಡೆದುಕೊಂಡಿತು. ಮನೆಯಿಂದ ಸುದ್ದಿ: ಹೊಸ ಇನ್‌ಕ್ಯುಬೇಟರಿನಲ್ಲಿಟ್ಟ ನಲವತ್ತೆಂಟರಲ್ಲಿ ನಲವತ್ತಾರು ಒಡೆದಿವೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಭಿನಂದನಾ ಠರಾವು ಸರ್ವಾನುಮತದಿಂದ ಪಾಸಾಯಿತು. ಮರಿಗಳ ಫೋಟೋ ಕೈಯಿಂದ ಕೈಗೆ ಹೋಯಿತು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಎಲ್ಲವೂ ಹೇಂಟೆಯೇ ಎಂದು ಘೋಷಿಸಿದರು.