ಮಕ್ಕಳ ಮನಸ್ಸಿಗೆ ಪಾಠ ಮಾಡುವ ಮೊದಲು ಅವರ ಕೈಗೆ ಸಿಗುವ ಫೋನ್ ನೋಡಿ

ಜನವರಿ ಬಂತೆಂದರೆ ಹತ್ತನೇ ಕ್ಲಾಸಿನ ವಾಟ್ಸಾಪ್ ಗ್ರೂಪುಗಳಿಗೆ ವಿಡಿಯೊಗಳು ಬರಲು ಶುರುವಾಗುತ್ತವೆ. ‘ಪರೀಕ್ಷಾ ಭಯ ಬಿಡಿ’, ‘ಮನಸ್ಸಿದ್ದರೆ ಮಾರ್ಗ’, ‘ನಿಮ್ಮಿಂದ ಖಂಡಿತ ಆಗುತ್ತೆ’. ನಲವತ್ತು ನಿಮಿಷ ಒಬ್ಬರೇ ಮಾತಾಡುತ್ತಾರೆ. ಆಡುವುದು ಒಳ್ಳೆಯ ಮಾತುಗಳೇ. ಆದರೆ ಅದಕ್ಕೆ ‘ಮಾನಸಿಕ ಆರೋಗ್ಯದ ಆನ್‌ಲೈನ್ ಪಾಠ’ ಅಂತ ಹೆಸರಿಟ್ಟು, ಇಷ್ಟು ಮಕ್ಕಳಿಗೆ ಕಳಿಸಿದೆವು ಅಂತ ವರದಿ ಬರೆದು ಕೈತೊಳೆದುಕೊಳ್ಳುವುದಕ್ಕೆ ನನ್ನ ತಕರಾರಿದೆ. ಅದು ಭಾಷಣ. ಪಾಠ ಅಂದಮೇಲೆ ಮಗು ಕೂತು ಏನಾದರೂ ಮಾಡಬೇಕು, ಮಾಡಿದ್ದಕ್ಕೆ ಯಾರಾದರೂ ಓಗೊಡಬೇಕು. ಮುಖ್ಯವಾಗಿ, ಕ್ಲಾಸಿನ ಕೊನೇ ಬೆಂಚಿನ ಮಗುವಿಗೂ ಅದನ್ನು ಮಾಡಲು ಆಗಬೇಕು.

ಸರ್ಕಾರಿ ಪ್ರೌಢಶಾಲೆಗಳ ಕೆಲವು ಶಿಕ್ಷಕರ ಜೊತೆ ಸೇರಿ ಇಂಥ ಪಾಠಗಳನ್ನು ತಯಾರಿಸುವ ಕೆಲಸ ನನ್ನದು. ಹಾಗಾಗಿ ಈ ವಿಷಯ ಬಂದಾಗ ಸುಮ್ನೆ ಇರಲು ನನಗೆ ಆಗುವುದಿಲ್ಲ.

2022ರ ಶುರುವಿನಲ್ಲಿ ಕೇಂದ್ರದ ಶಿಕ್ಷಣ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ ದೇಶದಾದ್ಯಂತ 6ರಿಂದ 12ನೇ ತರಗತಿಯ 3.79 ಲಕ್ಷ ಮಕ್ಕಳನ್ನು ಮಾತಾಡಿಸಿತ್ತು. ಆತಂಕಕ್ಕೆ ಕಾರಣ ಏನು ಅಂದರೆ 81% ಮಕ್ಕಳು ಓದು, ಪರೀಕ್ಷೆ, ಫಲಿತಾಂಶ ಅಂದರು. ಇದು ಎಲ್ಲರಿಗೂ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೆರಡು ಅಂಕಿಗಳು. 51% ಮಕ್ಕಳು ಆನ್‌ಲೈನ್‌ನಲ್ಲಿ ಕಲಿಯುವುದು ಕಷ್ಟ ಅಂದಿದ್ದರು. 28% ಮಕ್ಕಳು ಪ್ರಶ್ನೆ ಕೇಳಲು ಹಿಂಜರಿಯುತ್ತೇವೆ ಅಂದಿದ್ದರು. ಯಾರಿಗೆ ಪರದೆಯ ಮೇಲೆ ಕಲಿಯುವುದೇ ಕಷ್ಟವೋ, ಯಾರು ಬಾಯಿ ಬಿಟ್ಟು ಕೇಳುವುದಿಲ್ಲವೋ, ಅವರ ಸಂಕಟಕ್ಕೆ ಔಷಧಿ ಅಂತ ನಾವು ಮತ್ತೆ ಪರದೆಯನ್ನೇ ಕೊಡುತ್ತಿದ್ದೇವೆ. ಕೊಡಬಾರದು ಅಂತ ನಾನು ಹೇಳುವುದಿಲ್ಲ. ಕೊಡುವಾಗ ಎರಡು ಪಟ್ಟು ಜಾಸ್ತಿ ಯೋಚಿಸಬೇಕು ಅಷ್ಟೇ.

ಮೊದಲು ಫೋನಿನ ಕಥೆ. ಬಹಳ ಮನೆಗಳಲ್ಲಿ ಫೋನು ಅಪ್ಪನದ್ದು. ಬೆಳಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ, ರಾತ್ರಿ ಎಂಟಕ್ಕೆ ವಾಪಸ್ ಬರುತ್ತದೆ. ಮೊದಲು ಅಣ್ಣನ ಕೈಗೆ. ತಂಗಿಯ ಕೈಗೆ ಬರುವಾಗ ಒಂಬತ್ತೂವರೆ, ಅಷ್ಟರಲ್ಲಿ ಆ ದಿನದ ನೆಟ್ ಖಾಲಿ. ಇರುವುದು ಒಂದೇ ಕೋಣೆ. ಅಜ್ಜಿ ಮಲಗಿದ್ದಾರೆ, ಇನ್ನೊಂದು ಕಡೆ ಟಿವಿ ಓಡುತ್ತಿದೆ. ಈಗ ನಮ್ಮ ಪಾಠ ತೆರೆದುಕೊಳ್ಳುತ್ತದೆ: ‘ಮನೆಯಲ್ಲಿ ನಿಮಗೆ ಬೇಜಾರಾಗುವ ವಿಷಯ ಯಾವುದು? ಟೈಪ್ ಮಾಡಿ.’

ಯಾವ ಹುಡುಗಿ ಟೈಪ್ ಮಾಡುತ್ತಾಳೆ ಹೇಳಿ? ನಾಳೆ ಬೆಳಗ್ಗೆ ಅಪ್ಪ ವಾಟ್ಸಾಪ್ ತೆರೆದರೆ ಅದೇ ಮೇಲೆ ಕಾಣುತ್ತದೆ. ಅವಳು ‘ಏನೂ ಇಲ್ಲ ಮಿಸ್’ ಅಂತ ಬರೆಯುತ್ತಾಳೆ. ನಾವು ಅದನ್ನು ಎಕ್ಸೆಲ್ ಶೀಟಿಗೆ ಹಾಕಿ, ಇಷ್ಟು ಮಕ್ಕಳಿಗೆ ಏನೂ ತೊಂದರೆ ಇಲ್ಲ ಅಂತ ಲೆಕ್ಕ ಕೊಡುತ್ತೇವೆ. ಈ ಲೆಕ್ಕ ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹುಡುಗಿಯನ್ನು ಮುಂದಿಟ್ಟುಕೊಂಡು ಪಾಠ ಕಟ್ಟಿದರೆ ಅದರ ಸ್ವರೂಪವೇ ಬೇರೆಯಾಗುತ್ತದೆ. ಒಂದು ಪಾಠ ಹತ್ತು ನಿಮಿಷ ಮೀರಬಾರದು. ಮಧ್ಯದಲ್ಲಿ ಫೋನ್ ಕಿತ್ತುಕೊಂಡರೂ ನಾಳೆ ಅಲ್ಲಿಂದಲೇ ಮುಂದುವರಿಯಬೇಕು. ಧ್ವನಿ ಬಂದ್ ಮಾಡಿದರೂ ಪೂರ್ತಿ ಅರ್ಥವಾಗಬೇಕು. ಶಾಲೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆ ಓಡಬೇಕು. ಕೆಲವು ಉತ್ತರಗಳನ್ನು ಟೈಪ್ ಮಾಡಿಸಲೇಬಾರದು. ‘ನಿನ್ನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದುಕೋ, ಬೇಡ ಅನಿಸಿದರೆ ಹರಿದು ಬಿಸಾಡು, ನಾವು ನೋಡುವುದಿಲ್ಲ’ ಅಂತ ಪಾಠವೇ ಹೇಳಬೇಕು. ಆನ್‌ಲೈನ್ ಪಾಠದಲ್ಲಿ ಕಾಗದ ಪೆನ್ನು ಯಾಕೆ ಅಂತ ಒಂದಿಬ್ಬರು ಕೇಳಿದ್ದಾರೆ. ಮಗುವಿಗೆ ಗುಟ್ಟಾಗಿ ಬರೆಯಲು ಸಿಗುವ ಜಾಗ ಅದೊಂದೇ ಆಗಿದ್ದರೆ ಪಾಠ ಅಲ್ಲಿಗೇ ಹೋಗಬೇಕು.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಸರಿ, ಪಾಠಕ್ಕೆ ಅಪ್ಪನ ಒಪ್ಪಿಗೆ ಬೇಕು. ಆದರೆ ಮಗುವಿನ ಉತ್ತರ ಅಪ್ಪನ ಕಣ್ಣಿಗೆ ಬೀಳಬೇಕಾಗಿಲ್ಲ. ಇವೆರಡೂ ಬೇರೆ ಬೇರೆ ಅನ್ನುವುದನ್ನು ಪಾಠ ತಯಾರಿಸುವವರು ಮೊದಲ ದಿನವೇ ಕೂತು ಮಾತಾಡಬೇಕು.

ಇನ್ನು ಎಲ್ಲರನ್ನೂ ಒಳಗೊಳ್ಳುವ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಮ್ಮ ಪಾಠಗಳು ಎಷ್ಟನ್ನು ಗುರುತಿಸಿವೆ? ನಾನು ಕಂಡಿದ್ದನ್ನು ಹೇಳುತ್ತೇನೆ. ಕಣ್ಣು ಕಾಣದ ಹುಡುಗನೊಬ್ಬ ಪಿಯುಸಿ ಓದುತ್ತಿದ್ದ. ಆಂಡ್ರಾಯ್ಡ್ ಫೋನಿನಲ್ಲಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಕನ್ನಡ ಸುದ್ದಿ, ಮೆಸೇಜು ಎಲ್ಲವನ್ನೂ ಸರಾಗವಾಗಿ ಕೇಳುತ್ತಿದ್ದ. ಪರೀಕ್ಷೆಯ ಒತ್ತಡ ನಿಭಾಯಿಸುವುದು ಹೇಗೆ ಅನ್ನುವ ಒಂದು ಪಿಡಿಎಫ್ ಅವನಿಗೆ ಬಂತು. ತೆರೆದ. ಫೋನು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೆಲ್ಲ ಕಲಸಿ ಏನೇನೋ ಒದರತೊಡಗಿತು. ಅವನು ಎರಡು ಸಲ ಬೆರಳಾಡಿಸಿ, ಏನೂ ಹೇಳದೆ ಮುಚ್ಚಿಬಿಟ್ಟ.

ಕಾರಣ ಸರಳ. ಆ ಪಿಡಿಎಫ್ ಮಾಡಿದವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ನಮ್ಮ ಕಣ್ಣಿಗೆ ಅದು ಚೆಂದದ ಕನ್ನಡ. ಫೋನಿಗೆ ಮಾತ್ರ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದು. ಕನ್ನಡ ಅಕ್ಷರವನ್ನು ಫೋನು ಕನ್ನಡವೆಂದೇ ಗುರುತಿಸುವ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಅವನ ಫೋನು ಗಡಗಡ ಅಂತ ಓದಿಬಿಡುತ್ತಿತ್ತು. ಇದಕ್ಕೆ ದುಡ್ಡು ಬೇಡ, ತಜ್ಞರು ಬೇಡ, ಹೊಸ ಆ್ಯಪೂ ಬೇಡ. ಟೈಪ್ ಮಾಡುವವರು ಕೀಬೋರ್ಡಿನ ಸೆಟ್ಟಿಂಗ್ ಬದಲಿಸಿದರೆ ಸಾಕು. ಈಗಲೂ ಎಷ್ಟೋ ಸುತ್ತೋಲೆ, ಕೈಪಿಡಿಗಳು ಹಳೇ ಫಾಂಟಿನಲ್ಲೇ ಬರುತ್ತಿವೆ. ವಾಟ್ಸಾಪಿನಲ್ಲಿ ಓಡಾಡುವ ಪೋಸ್ಟರುಗಳಂತೂ ಬರೀ ಚಿತ್ರ. ಅದರೊಳಗೆ ಏನು ಬರೆದಿದೆ ಅಂತ ಕೆಳಗೆ ಎರಡು ಸಾಲು ಟೈಪ್ ಮಾಡಿ ಹಾಕಲು ನಮಗೇನು ಕಷ್ಟ?

ಕಿವಿ ಕೇಳದ ಮಕ್ಕಳಿಗೆ ವಿಡಿಯೊದ ಕೆಳಗೆ ಕನ್ನಡದಲ್ಲೇ ಅಕ್ಷರ ಓಡಬೇಕು, ಸಾಧ್ಯವಾದರೆ ಸಂಜ್ಞಾ ಭಾಷೆ ಇರಬೇಕು. ಓದಲು ತಡವರಿಸುವ ಮಕ್ಕಳಿಗೆ ಪ್ರತಿ ಪುಟಕ್ಕೂ ಧ್ವನಿ ಬೇಕು. ಅದನ್ನು ‘ಓದಲು ಬಾರದವರಿಗೆ’ ಅಂತ ಬೇರೆ ಗುಂಡಿ ಮಾಡಿ ಇಡಬಾರದು, ಎಲ್ಲರಿಗೂ ಒಂದೇ ಗುಂಡಿ ಇರಲಿ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಮಾತಾಡುವ ಮಕ್ಕಳಿದ್ದಾರೆ. ದುಃಖ ಆದಾಗ ಅವರ ಬಾಯಿಗೆ ಬರುವುದು ಆ ಮಾತೇ. ಟೈಪ್ ಮಾಡು ಅನ್ನುವ ಬದಲು ‘ನಿನ್ನ ಮಾತಲ್ಲಿ ರೆಕಾರ್ಡ್ ಮಾಡು’ ಅಂದರೆ ಆ ಮಕ್ಕಳಿಗೆ ನಿರಾಳ. ಉಸಿರಾಟದ ಅಭ್ಯಾಸಕ್ಕೆ ‘ಎಲ್ಲರೂ ಕಣ್ಣು ಮುಚ್ಚಿ’ ಅನ್ನುತ್ತೇವಲ್ಲ, ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಭಯ ಜಾಸ್ತಿಯಾಗುತ್ತದೆ. ‘ಕಣ್ಣು ಮುಚ್ಚಬಹುದು, ಅಥವಾ ನೆಲ ನೋಡುತ್ತಾ ಕೂರಬಹುದು’ ಅಂದರೆ ಆಯಿತು.

ಮಗು ಏನಾದರೂ ಮಾಡಬೇಕು ಅಂದೆ. ಏನು ಮಾಡಬೇಕು? ಪ್ರತಿ ವಿಡಿಯೊ ಆದಮೇಲೆ ನಾಲ್ಕು ಆಯ್ಕೆಯ ಪ್ರಶ್ನೆ ಇಟ್ಟರೆ ಅದು ಸಂವಾದವಾಗುವುದಿಲ್ಲ. ‘ಸೋತಾಗ ನಿಮಗೆ ಏನನಿಸುತ್ತದೆ?’ ಅಂತ ಕೇಳಿ, ಮಗು ಒತ್ತಿದ ಉತ್ತರಕ್ಕೆ ಕೆಂಪು ಬಣ್ಣದಲ್ಲಿ ‘ತಪ್ಪು’ ಅಂತ ತೋರಿಸಿದ ಪಾಠವನ್ನು ನಾನೇ ನೋಡಿದ್ದೇನೆ. ಮಗುವಿಗೆ ಅನಿಸಿದ್ದು ತಪ್ಪಾಗುವುದು ಹೇಗೆ?

ಇಲ್ಲಿ ಅಮೆರಿಕದ ಒಂದು ಅಧ್ಯಯನ ನೆನೆಯಬೇಕು. ಬುದ್ಧಿ ಹುಟ್ಟಿನಿಂದ ಬಂದು ಅಷ್ಟಕ್ಕೇ ನಿಲ್ಲುವುದಿಲ್ಲ, ಸರಿಯಾದ ಪ್ರಯತ್ನದಿಂದ ಬೆಳೆಯುತ್ತದೆ ಅಂತ ನಂಬಿದ ಮಕ್ಕಳು ಸೋಲನ್ನು ಬೇರೆ ರೀತಿ ತೆಗೆದುಕೊಳ್ಳುತ್ತಾರೆ ಅಂತ ಮನಶ್ಶಾಸ್ತ್ರಜ್ಞೆ ಕರೋಲ್ ಡ್ವೆಕ್ ಬಹಳ ವರ್ಷಗಳಿಂದ ಹೇಳುತ್ತಾ ಬಂದವರು. ಡೇವಿಡ್ ಯೇಗರ್, ಡ್ವೆಕ್ ಮತ್ತು ಸಂಗಡಿಗರು ಇದನ್ನು ಆನ್‌ಲೈನ್ ಪಾಠ ಮಾಡಿ, 65 ಶಾಲೆಗಳ ಸುಮಾರು 12 ಸಾವಿರ ಒಂಬತ್ತನೇ ತರಗತಿ ಮಕ್ಕಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಡೀ ಪಾಠ ಒಂದು ಗಂಟೆಗೂ ಕಡಿಮೆ. ಅದರಲ್ಲಿ ಮಕ್ಕಳು ಮಿದುಳು ಕಲಿಯುವ ಬಗೆಯನ್ನು ಓದುತ್ತಿದ್ದರು, ಆಮೇಲೆ ಮುಂದೆ ಬರುವ ಕಿರಿಯರಿಗೆ ತಮ್ಮ ಮಾತಿನಲ್ಲಿ ಬುದ್ಧಿಮಾತು ಬರೆಯುತ್ತಿದ್ದರು. ನನಗೆ ಇಷ್ಟವಾಗಿದ್ದು ಇದೇ. ‘ನಿನಗೆ ಏನೋ ಕೊರತೆ ಇದೆ, ತಗೋ ಔಷಧಿ’ ಅಂತ ಮಗುವನ್ನು ಕೂರಿಸಲಿಲ್ಲ. ‘ನಿನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳು’ ಅಂತ ಕೇಳಿದರು.

ಲಾಭ ಎಷ್ಟಾಯಿತು? ಓದಿನಲ್ಲಿ ಹಿಂದಿದ್ದ ಮಕ್ಕಳ ಅಂಕ ಅವರ 4ರ ಮಾಪಕದಲ್ಲಿ ಸರಾಸರಿ 0.1ರಷ್ಟು ಏರಿತು. ಚಿಕ್ಕದು. ಒಂದು ಗಂಟೆಗೆ ಅದು ಕಮ್ಮಿಯಲ್ಲ, ಆದರೆ ಪವಾಡವೂ ಅಲ್ಲ. ಇನ್ನೊಂದು ಮಾತು: ಕಷ್ಟದ ಲೆಕ್ಕಕ್ಕೆ ಕೈಹಾಕುವುದನ್ನು ಜೊತೆಗಾರರು ಒಪ್ಪುವ ವಾತಾವರಣವಿದ್ದ ಶಾಲೆಗಳಲ್ಲೇ ಅದು ಚೆನ್ನಾಗಿ ಹಿಡಿಯಿತು. ಇಂಗ್ಲೆಂಡಿನ ಕಡೆಯಿಂದ 2022ರಲ್ಲಿ ಬಂದ ಮೈರಿಯಡ್ ಅನ್ನುವ ದೊಡ್ಡ ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಿ. ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಧ್ಯಾನದ ಪಾಠ ಮಾಡಿ ನೋಡಿದರು. ಶಾಲೆಯಲ್ಲಿ ಮಾಮೂಲಿ ನಡೆಯುವ ಪಾಠಕ್ಕಿಂತ ಅದರಿಂದ ಜಾಸ್ತಿ ಉಪಯೋಗ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಅಂದರೆ ಬಹಳಷ್ಟು ಮಕ್ಕಳು ಮಾಡಲೇ ಇಲ್ಲ. ಎಲ್ಲರಿಗೂ ಒಂದೇ ಧ್ಯಾನ ಹಂಚಿದರೆ ಸಾಕು ಅಂತ ನಂಬಿದವರು ಇದನ್ನೊಮ್ಮೆ ಓದಬೇಕು.

ನಾವು ಮಾಡಿದ ಒಂದು ಪಾಠ ಹೇಗಿದೆ ಅಂದರೆ, ಒಬ್ಬ ಹುಡುಗಿಗೆ ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 22 ಬಂದಿದೆ. ಉತ್ತರ ಪತ್ರಿಕೆ ಕೈಯಲ್ಲಿದೆ. ಬಸ್ಸಿಗೆ ಕಾಯುತ್ತಿದ್ದಾಳೆ. ಅವಳ ತಲೆಯಲ್ಲಿ ಏನು ಓಡುತ್ತಿರಬಹುದು ಅಂತ ಮಕ್ಕಳು ಆರಿಸಬೇಕು, ಬರೆಯಬೇಕು ಅಥವಾ ಹೇಳಬೇಕು. ‘ಮನೇಲಿ ಏನು ಹೇಳಲಿ’, ‘ನಂಗೆ ಲೆಕ್ಕ ಬರಲ್ಲ ಬಿಡು’, ‘ಪಕ್ಕದವಳಿಗೆ ಎಷ್ಟು ಬಂತೋ’. ಯಾವುದಕ್ಕೂ ಸರಿ ತಪ್ಪು ಇಲ್ಲ. ಆಮೇಲೆ ಪಾಠ ಆ ಪತ್ರಿಕೆ ತೆರೆದು ತೋರಿಸುತ್ತದೆ. ರೇಖಾಗಣಿತದಲ್ಲಿ ಸೊನ್ನೆ, ಆದರೆ ಸಮಾಂತರ ಶ್ರೇಢಿಯ ಲೆಕ್ಕದಲ್ಲಿ ಮೊದಲ ಎರಡು ಹೆಜ್ಜೆ ಸರಿ ಇದೆ, ಮೂರನೆಯದರಲ್ಲಿ ಚಿಹ್ನೆ ತಪ್ಪಿದೆ. ಆ ತಪ್ಪನ್ನು ಮಕ್ಕಳೇ ಹುಡುಕುತ್ತಾರೆ. ಕೊನೆಗೆ ಆ ಹುಡುಗಿಗೆ ಒಂದು ಧ್ವನಿ ಸಂದೇಶ. ತನ್ನ ಕಷ್ಟ ಹೇಳು ಅಂದರೆ ಬಾಯಿ ಬಿಡದ ಮಕ್ಕಳು ಈ ಹುಡುಗಿಗೆ ಹೇಳುವಾಗ ಎಷ್ಟೊಂದು ಮಾತಾಡುತ್ತಾರೆ! ‘ಅಳು ಬಂದ್ರೆ ಅತ್ಬಿಡು ಕಣೇ, ಆಮೇಲೆ ಮೇಡಂ ಹತ್ರ ಆ ಮೂರನೇ ಸ್ಟೆಪ್ ಮಾತ್ರ ಕೇಳು, ಪೂರ್ತಿ ಲೆಕ್ಕ ಕೇಳಬೇಡ’ ಅಂತ ಒಬ್ಬಳು ಹೇಳಿದ್ದಳು. ಅಷ್ಟು ಒಳ್ಳೆಯ ಸಲಹೆಯನ್ನು ದೊಡ್ಡವರು ಯಾರೂ ಬರೆದುಕೊಟ್ಟಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ತುಂಬ ಕಾಡುವ ಮಾತೊಂದು ಹೇಳಲೇಬೇಕು. ‘ಮನೋಭಾವ ಬದಲಿಸಿಕೋ’ ಅನ್ನುವುದು ಬಡ ಮಕ್ಕಳ ಮೇಲೆ ಹೊರಿಸುವ ಹೊರೆ ಆಗಿಬಿಡಬಾರದು. ವರ್ಷದ ಅರ್ಧ ಗಣಿತಕ್ಕೆ ಟೀಚರೇ ಇರಲಿಲ್ಲ, ಅತಿಥಿ ಶಿಕ್ಷಕರು ಬಂದಿದ್ದು ದಸರಾ ರಜೆ ಮುಗಿದ ಮೇಲೆ. ಶನಿವಾರ, ಭಾನುವಾರ ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುವ ಮಗು ಅದು. ಅದಕ್ಕೆ ಫೋನಿನಲ್ಲಿ ‘ನೀನು ಮನಸ್ಸು ಮಾಡಿದರೆ ಆಗುತ್ತೆ’ ಅಂದರೆ, ಆಗದಿದ್ದಾಗ ಅದು ತನ್ನ ಮನಸ್ಸೇ ಸರಿಯಿಲ್ಲ ಅಂದುಕೊಳ್ಳುತ್ತದೆ. ಇದು ಅನ್ಯಾಯ. ‘ನಿನಗೆ ಟೀಚರ್ ಇರಲಿಲ್ಲ, ಅದು ನಿನ್ನ ತಪ್ಪಲ್ಲ. ಈಗ ಉಳಿದ ವಾರಗಳಲ್ಲಿ ಇಷ್ಟು ಮಾಡಬಹುದು, ಇವರನ್ನು ಕೇಳಬಹುದು’ ಅಂತ ನೇರವಾಗಿ ಹೇಳುವ ಧೈರ್ಯ ಪಾಠಕ್ಕೆ ಇರಬೇಕು.

ಕೇಳಬಹುದು ಅಂದೆ. ಯಾರನ್ನು? ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲದೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಇದೆ. ಎರಡೂ ಪ್ರತಿ ಪಾಠದ ಕೆಳಗೆ ಇರಲಿ. ಆದರೆ ನಂಬರ್ ಹಾಕಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳನ್ನು ಇಟ್ಟುಕೊಂಡು ಸೆಹರ್ ಅನ್ನುವ ಕಾರ್ಯಕ್ರಮವನ್ನು ಪರೀಕ್ಷಿಸಿ ನೋಡಿದರು. ಮಕ್ಕಳು ಚೀಟಿ ಬರೆದು ಹಾಕುವ ಪೆಟ್ಟಿಗೆ, ಗೋಡೆ ಪತ್ರಿಕೆ, ಗುಂಪು ಚರ್ಚೆ, ಬೇಕಾದವರಿಗೆ ಆಪ್ತ ಸಮಾಲೋಚನೆ, ಹೀಗೆ. 2018ರಲ್ಲಿ ಬಂದ ಫಲಿತಾಂಶ ಏನು ಹೇಳಿತು ಗೊತ್ತಾ? ತಜ್ಞರಲ್ಲದಿದ್ದರೂ ಇದಕ್ಕಾಗಿಯೇ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರು ಶಾಲೆಯಲ್ಲಿದ್ದರೆ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆ ಇಳಿಯಿತು, ಕೀಟಲೆ ಹಿಂಸೆ ಕಡಿಮೆಯಾಯಿತು. ಅದೇ ಕೆಲಸವನ್ನು ಇರುವ ಶಿಕ್ಷಕರ ತಲೆಗೆ ಕಟ್ಟಿದ ಶಾಲೆಗಳಲ್ಲಿ ಆ ಲಾಭ ಕಾಣಲಿಲ್ಲ. ಶಿಕ್ಷಕರ ತಪ್ಪಲ್ಲ ಅದು. ಬಿಸಿಯೂಟ, ಗಣತಿ, ಆನ್‌ಲೈನ್ ಎಂಟ್ರಿ, ಚುನಾವಣೆ ಎಲ್ಲ ಮಾಡಿ ಬಂದ ಮೇಡಂ ರಾತ್ರಿ ಕೂತು 60 ಮಕ್ಕಳ ದುಃಖ ಓದಲಿ ಅನ್ನುವುದು ಯಾವ ಲೆಕ್ಕ?

ಆದ್ದರಿಂದ ಪಾಠ ತಯಾರಿಸುವ ಗೆಳೆಯರಿಗೆ, ತಯಾರಿಸಿ ಅಂತ ದುಡ್ಡು ಕೊಡುವವರಿಗೆ, ಒಂದು ಕೆಲಸ ಹೇಳುತ್ತೇನೆ. ನಿಮ್ಮ ಪಾಠದಲ್ಲಿ ಮಗುವಿನ ಮನಸ್ಸಿನೊಳಗೆ ಕೈಹಾಕುವ ಪ್ರಶ್ನೆ ಯಾವುದಿದೆ ನೋಡಿ. ಸೋಮವಾರ ಒಂದು ಮಗು ಅದಕ್ಕೆ ನಿಜ ಬರೆದರೆ ಮಂಗಳವಾರ ಅದನ್ನು ಓದುವವರು ಯಾರು, ಓದಿ ಏನು ಮಾಡುತ್ತಾರೆ ಅಂತ ಹೆಸರು ಸಮೇತ ಬರೆದಿಡಿ. ಆ ಹೆಸರನ್ನು ಪ್ರಶ್ನೆಗಿಂತ ಮೊದಲೇ ಮಗುವಿಗೂ ತಿಳಿಸಿ. ಹೆಸರು ಬರೆಯಲು ಯಾರೂ ಇಲ್ಲ ಅಂತಾದರೆ, ಸಿಗುವ ತನಕ ಆ ಪ್ರಶ್ನೆಯನ್ನು ಪಾಠದಿಂದ ತೆಗೆದಿಡಿ.