ಗಾಳಿ ಈಗ ತಿರುಗುತ್ತದೆ

ಕೋಟಿನ ಹೊಗೆ ವಾಸನೆ ಹೋಗುತ್ತಿಲ್ಲ. ಬಾಲ್ಕನಿಯಲ್ಲಿ ನೇತುಹಾಕಿದ್ದಾಯಿತು, ಅಡುಗೆ ಸೋಡಾ ಉದುರಿಸಿದ್ದಾಯಿತು, ಹೆಂಡತಿಯ ಅಪ್ಪಣೆಯಂತೆ ಬಾಗಿಲಾಚೆ ಇಟ್ಟದ್ದೂ ಆಯಿತು. ಒಗೆದುಬಿಡೋಣವೆಂದರೆ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ, ಅದಕ್ಕೆ ಮುಂಚೆಯೇ ಸಮಯ ಕಾದಿರಿಸಬೇಕು. ಮೇ ಒಂದರ ಬೆಳಿಗ್ಗೆ ಹೋಗಿ ನೋಡಿದರೆ ವಾರವಿಡೀ ಭರ್ತಿ. ಸ್ವೀಡನ್ನಿನ ಜನ ವಸಂತವನ್ನು ಬರಮಾಡಿಕೊಳ್ಳಲು ಹೊರಡುವ ಮೊದಲೇ ಅದರ ವಾಸನೆ ತೊಳೆಯುವುದಕ್ಕೆ ಜಾಗ ಹಿಡಿದಿಟ್ಟಿರುತ್ತಾರೆ. ಲಿಫ್ಟಿನಲ್ಲಿ ನನ್ನ ಪಕ್ಕ ನಿಂತವರು ಒಮ್ಮೆ ಮೂಗು ಅರಳಿಸಿ, ಏನೂ ಮಾತಾಡದೆ, ಮಹಡಿಯ ಸಂಖ್ಯೆಯನ್ನೇ ದಿಟ್ಟಿಸುತ್ತಾರೆ. ಇಲ್ಲಿಯವರ ಬೈಗುಳ ಇಷ್ಟೇ, ಆದರೆ ಚೆನ್ನಾಗಿ ನಾಟುತ್ತದೆ.

ಎಲ್ಲ ವಾಲ್‌ಬೋರ್ಗ್ ಹಬ್ಬದ ಪ್ರಸಾದ. ಏಪ್ರಿಲ್ 30ರ ಸಂಜೆ ಕಟ್ಟಿಗೆ ರಾಶಿ ಹಾಕಿ, ಬೆಂಕಿ ಹಚ್ಚಿ, ಹಾಡು ಹೇಳಿ ಚಳಿಗಾಲವನ್ನು ಬೀಳ್ಕೊಡುವುದು ಪದ್ಧತಿ. ಹೆಸರು ಬಂದದ್ದು ಎಂಟನೆಯ ಶತಮಾನದ ಕ್ರೈಸ್ತ ಸನ್ಯಾಸಿನಿ ವಾಲ್‌ಬುರ್ಗಾ ಅವರಿಂದ. ಬೆಂಕಿ ಮಾತ್ರ ದನಗಳನ್ನು ಮೇಯಲು ಬಿಡುವ ಮುನ್ನ ಕಾಡುಮೃಗಗಳನ್ನೂ ಮಾಟಗಾತಿಯರನ್ನೂ ಬೆದರಿಸಲು ಎನ್ನುತ್ತಾರೆ. ಈಗಿನ ರಾಜರು ಹುಟ್ಟಿದ್ದೂ 1946ರ ಇದೇ ದಿನವಾದ್ದರಿಂದ ಬೆಳಿಗ್ಗೆಯಿಂದಲೇ ಬಾವುಟಗಳು ಹಾರುತ್ತಿದ್ದವು. ಮಗಳು ಅದು ಬೆಂಕಿ ಹಬ್ಬದ ಬಾವುಟವೆಂದೇ ತಿಳಿದಿದ್ದಾಳೆ. ರಾಜರ ವಿಷಯ ತೆಗೆದರೆ ನೂರು ಪ್ರಶ್ನೆ ಕೇಳುತ್ತಾಳೆಂದು ಸುಮ್ಮನಿದ್ದೇನೆ.

ಬೆಂಕಿ ಹಾಕಿದ್ದು ಮಾಲ್ಮೊ ನಗರದ ಉತ್ತರಕ್ಕೆ, ಓರೆಸುಂಡ್ ಜಲಸಂಧಿಯ ದಂಡೆಯಲ್ಲಿ. ದೂರದಲ್ಲಿ ಡೆನ್ಮಾರ್ಕಿಗೆ ಹೋಗುವ ಸೇತುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಕತ್ತರಿಸಿದ ರೆಂಬೆಗಳು, ತೋಟದ ಕಸ, ಕ್ರಿಸ್‌ಮಸ್ ಕಳೆದು ಒಣಗಿದ ಗಿಡಗಳು ಎಲ್ಲ ಸೇರಿ ಆಳೆತ್ತರಕ್ಕೂ ಮೀರಿದ ರಾಶಿ. ಅದನ್ನು ಅದೇ ದಿನ ಒಂದು ಕಡೆಯಿಂದ ತೆಗೆದು ಮಗ್ಗುಲಲ್ಲಿ ಮತ್ತೆ ಪೇರಿಸಿದ್ದರು. ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈ ಪ್ರಾಣಿ ಒಳಗೆ ಹೊಕ್ಕು ಮಲಗಿರಬಹುದಂತೆ, ಪಾಪ ಸುಟ್ಟುಹೋಗಬಾರದು. ಒಳ್ಳೆಯದೇ. ಹೊರಗೆ ನಿಂತು ಬೇಯುವ ಪ್ರಾಣಿಗಳ ಬಗ್ಗೆ ಯಾವ ಏರ್ಪಾಡೂ ಇರಲಿಲ್ಲ.

ಇನ್ನು ನಮ್ಮ ಪಕ್ಕದ ಮನೆಯ ಹಿರಿಯರು. ಹಡಗಿನಲ್ಲಿ ದುಡಿದು ನಿವೃತ್ತರಾದವರು, ಕೈಯಲ್ಲಿ ಸದಾ ಮಡಚುವ ಕುರ್ಚಿ, ನಾಲಗೆಯ ಮೇಲೆ ಸದಾ ಗಾಳಿ. "ನನ್ನ ಹಿಂದೆ ಬನ್ನಿ, ಹೊಗೆ ಹತ್ತಿರವೂ ಸುಳಿಯುವುದಿಲ್ಲ" ಎಂದು ಅಭಯ ಕೊಟ್ಟರು. ಬೆರಳನ್ನು ಬಾಯಲ್ಲಿ ಅದ್ದಿ ಮೇಲೆತ್ತಿದರು. ಕಣ್ಣು ಮುಚ್ಚಿದರು. ನಾವೂ, ಸಾಸೇಜು ಹಿಡಿದು ನಿಂತಿದ್ದ ಇನ್ನೊಂದು ಕುಟುಂಬವೂ ಉಸಿರು ಬಿಗಿಹಿಡಿದು ಕಾದೆವು. "ಇಲ್ಲಿ" ಎಂದು ಮರಳಿಗೆ ಕುರ್ಚಿ ಊರಿದರು. ಬೆಂಕಿ ಹತ್ತಿತು. ಹೊಗೆ ನೆಟ್ಟಗೆ ನಮ್ಮ ಕಡೆಗೇ ಬಂತು, ಕರೆದ ಮನೆಗೆ ಬಂದಂತೆ.

"ಗಾಳಿ ಈಗ ತಿರುಗುತ್ತದೆ" ಎಂದರು. ಎಡಕ್ಕೆ ಹೋದೆವು. ಹೊಗೆಯೂ ಎಡಕ್ಕೆ ವಾಲಿತು. ಮತ್ತೆ ಬೆರಳು, ಮತ್ತೆ ಕಣ್ಣು ಮುಚ್ಚುವುದು, ಈ ಸಲ ಬಲಕ್ಕೆ. ನಾವು ಬಿಟ್ಟುಬಂದ ಮೊದಲ ಜಾಗದಲ್ಲಿ ಒಂದು ಅಜ್ಜಿ ಶುಭ್ರವಾದ ಗಾಳಿಯಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿತ್ತು. ನಾನು ಆ ಕಡೆ ಕೈ ತೋರಿಸಿದೆ. ಹಿರಿಯರು ತಲೆಯಾಡಿಸಿದರು. ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ನೆಲದಿಂದ ಕಡಲಿಗೆ. ಸ್ವಲ್ಪ ತಾಳ್ಮೆ ಬೇಕು ಎಂದರು. ಶಾಸ್ತ್ರ ಸರಿಯೇ. ಆದರೆ ಗಂಟೆ ಎಂಟಾದರೂ ಸೂರ್ಯ ಡೆನ್ಮಾರ್ಕಿನ ನೆತ್ತಿಯ ಮೇಲೆ ಆರಾಮವಾಗಿ ಕುಳಿತಿದ್ದ, ಪಡುವಣ ಗಾಳಿಗಂತೂ ಆ ಶಾಸ್ತ್ರ ಓದಿ ಗೊತ್ತಿದ್ದಂತಿರಲಿಲ್ಲ.

ಕೊನೆಗೆ ಅವರಿಗೆ ಹೊಳೆಯಿತು. ಗಾಳಿ ಬರುತ್ತಿರುವುದೇ ಕಡಲಿನಿಂದ, ಹಾಗಾಗಿ ಕಡಲಿನ ಕಡೆ ನಿಲ್ಲಬೇಕು. ನಿಂತೆವು. ಜನ ಒತ್ತಿದಂತೆ, ಬೆಂಕಿಯ ಝಳ ಏರಿದಂತೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆವು. ಅವರು ಮೊಣಕಾಲುದ್ದ ರಬ್ಬರ್ ಬೂಟು ಹಾಕಿದ್ದರು, ನಾನು ಕಚೇರಿಯ ಬೂಟು. ಅಲೆ ಕಾಲುಚೀಲದೊಳಗೆ ನುಗ್ಗಿದಾಗ ನನ್ನ ಬಾಯಿಂದ ಹೊರಟ ಉದ್ಗಾರವನ್ನು ವೃಂದಗಾನದವರು ಹಾಡಿನ ಭಾಗವೆಂದುಕೊಂಡಿರಬೇಕು, ಒಬ್ಬರು ತಿರುಗಿ ನೋಡಿ ನಕ್ಕರು. ಬಿಳಿ ವಿದ್ಯಾರ್ಥಿ ಟೋಪಿ ತೊಟ್ಟ ಅವರು ನೀಲಿಗಟ್ಟಿದ ತುಟಿಗಳಿಂದ ಹಿತವಾದ ಬೆಚ್ಚನೆಯ ಗಾಳಿಯನ್ನು ಹೊಗಳುತ್ತಿದ್ದರು. ಬಳಿಕ ಒಬ್ಬರು ಭಾಷಣ ಮಾಡಿ ಚಳಿಗಾಲ ಮುಗಿಯಿತೆಂದು ಘೋಷಿಸಿದರು, ಕೈಗವಸು ತೆಗೆಯದೆ.

"ರೀ, ನೀರಿನಲ್ಲಿ ಯಾಕೆ ನಿಂತಿದ್ದೀರಿ?" ಎಂದು ಹೆಂಡತಿ ದಡದಿಂದ ಕೂಗಿದಳು. ಅವಳೂ ಮಗಳೂ ಯಾವಾಗಲೋ ಆ ಕಾಫಿ ಅಜ್ಜಿಯ ಪಕ್ಕ ಸೇರಿಕೊಂಡಿದ್ದರು, ಇಬ್ಬರ ಕೈಯಲ್ಲೂ ದಾಲ್ಚಿನ್ನಿ ಬನ್ನು.

ನಮ್ಮೂರಿನ ಕಾಮನ ಹಬ್ಬದ ಬೆಂಕಿಗೆ ಇಷ್ಟೊಂದು ಶಿಸ್ತು ಇರಲಿಲ್ಲ. ಕಟ್ಟಿಗೆ, ಬೆರಣಿ, ಯಾರದೋ ಹಿತ್ತಿಲ ಮುರುಕು ಬಾಗಿಲು ಎಲ್ಲ ಕದ್ದದ್ದೇ. ಕಳೆದುಕೊಂಡವರು ಅಟ್ಟಿಸಿಕೊಂಡು ಬಂದರಷ್ಟೇ ಹಬ್ಬಕ್ಕೆ ಕಳೆ. ಬಾಯಿ ಬಡಿದುಕೊಂಡು ಕೂಗಿ ಕೂಗಿ ಮರುದಿನ ದನಿಯೇ ಏಳುತ್ತಿರಲಿಲ್ಲ. ನಮ್ಮಜ್ಜಿ ಆ ಬೆಂಕಿಯ ಕೆಂಡವನ್ನು ಮನೆಗೆ ತರಿಸಿಕೊಂಡು ಒಲೆ ಹೊತ್ತಿಸಿ ಕಡಲೆ ಹುರಿಯುತ್ತಿದ್ದಳು. ಅಂಗಿಯನ್ನು ಯಾರೂ ಮೂಸಿ ನೋಡಿದ್ದು ನೆನಪಿಲ್ಲ, ಊರಿಗೆ ಊರೇ ಅದೇ ವಾಸನೆಯಲ್ಲಿರುತ್ತಿತ್ತು.

ಸೂರ್ಯ ಮುಳುಗಿದ. ಗಾಳಿ ತಿರುಗಲಿಲ್ಲ. ರಾಶಿ ಕುಸಿದು ಕೆಂಡವಾಗಿ, ಜನ ಕರಗಿ, ನಾನು ಬೂಟಿನಿಂದ ನೀರು ಸುರಿಯುತ್ತಿದ್ದಾಗ ಹಿರಿಯರು ಕುರ್ಚಿ ಮಡಚಿ ಹತ್ತಿರ ಬಂದರು. ಸಂಕೋಚದ ಲವಲೇಶವೂ ಇಲ್ಲ. ಪಶ್ಚಿಮ ಕರಾವಳಿಯಲ್ಲಿ, ಗೋಥೆನ್‌ಬರ್ಗಿನ ಕಡೆ, ಇದೇ ಬೆಂಕಿಯನ್ನು ಈಸ್ಟರ್ ಹೊತ್ತಿಗೇ ಹಾಕುತ್ತಾರಂತೆ. ಅಲ್ಲಿ ಅವರ ತಂಗಿಯ ಮನೆಯಿದೆ. ಮುಂದಿನ ವರ್ಷ ನಾವು ಮೂವರೂ ಬರಲೇಬೇಕಂತೆ. ಈಸ್ಟರ್ ಎಂದರೆ ಇನ್ನೂ ಮುಂಚೆ, ಇನ್ನೂ ಚಳಿ ಎಂದು ನಾನು ಲೆಕ್ಕ ಹಾಕುತ್ತಿರುವಷ್ಟರಲ್ಲಿ ಹೆಂಡತಿ "ಖಂಡಿತ ಬರುತ್ತೇವೆ" ಎಂದು ಒಪ್ಪಿಕೊಂಡೂ ಆಗಿತ್ತು. ಅಲ್ಲಿಯ ಗಾಳಿ ಅವರಿಗೆ ಚಿಕ್ಕಂದಿನಿಂದ ಪರಿಚಯವಂತೆ.